ಕುಂಬಳಕಾಯಿಗೆ ಮೊದಲ ಏಟು

ಕಾನಸೂರಿನ ಪರಿಮಳಾ ಹೆಗಡೆಯ ಕಾಶಿ ಹಲ್ವ ತಿಂದವರು ಬಾಳೆಲೆಯ ಮೇಲೆ ಇನ್ನೊಮ್ಮೆ ಬೆರಳಾಡಿಸದೆ ಎದ್ದದ್ದಿಲ್ಲ. ತ್ಯಾಗಲಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಆಕೆಗೆ ನೆಟ್ಟಗೆ ಸಾರು ಕುದಿಸಲೂ ಬರುತ್ತಿರಲಿಲ್ಲ. ಬೂದುಗುಂಬಳದ ತುರಿ ಹಿಂಡುವುದನ್ನು ಅತ್ತೆ ಕಲಿಸಿದರು, ಪಾಕದ ಮೇಲೆ ಕಣ್ಣಿಡುವುದನ್ನು ಕಲಿಸಿದರು, ಜೊತೆಗೊಂದು ಕಟ್ಟಳೆಯನ್ನೂ ಕಲಿಸಿದರು. ಇಡೀ ಕುಂಬಳಕಾಯಿಗೆ ಹೆಂಗಸು ಮೊದಲ ಏಟು ಹಾಕಬಾರದು. ಗಂಡಸು ಒಂದೇಟಿಗೆ ಎರಡು ಹೋಳು ಮಾಡಿಕೊಟ್ಟರೆ ಆಮೇಲೆ ಅದು ತರಕಾರಿ.

ಅದಕ್ಕೂ ಮೊದಲು ಏನು ಎಂದು ಪರಿಮಳಾ ಕೇಳಿರಲಿಲ್ಲ. ಗಂಡ ಕಮಲಾಕರ ಹೆಗಡೆಗೆ ಪುರಾಣ ಓದುವುದರಲ್ಲಿದ್ದ ಹುರುಪು ಕತ್ತಿ ಹಿಡಿಯುವುದರಲ್ಲಿ ಇರಲಿಲ್ಲ. ಹಾಗಾಗಿ ಬೇಲಿಯಾಚೆಯ ರೈತ ಚೌಡ ಬಂದು ಏಟು ಹಾಕಿಹೋಗುತ್ತಿದ್ದ. "ಪಾಪ ನಿಂಗೆ, ಹಲ್ವ ನಂಗೆ" ಎಂದು ಆಕೆ ನಗುತ್ತಿದ್ದಳು. ಹಾಗೆಂದವಳೇ ಸಂಜೆ ಅವನಿಗೆ ಬಟ್ಟಲು ತುಂಬ ಹಲ್ವ ಕೊಡುತ್ತಿದ್ದಳು. ಕೋಳಿ ಕೊಯ್ಯುವ ಕೈಗೆ ಒಂದು ಕುಂಬಳಕಾಯಿ ಯಾವ ಭಾರ ಎಂಬುದು ಆಕೆಯ ಎಣಿಕೆ.

ಈ ಸಲ ಮಾಗೋಡಿನ ಉಪನಯನಕ್ಕೆ ಹಲ್ವ ಒಪ್ಪಿಕೊಂಡಿದ್ದಳು. ಮರುದಿನವೇ ಊಟ. ಬೂದಿ ಮೆತ್ತಿಕೊಂಡ ಕಾಯಿಗಳು ಜಗಲಿಯಲ್ಲಿ ಸಾಲಾಗಿ ಮಲಗಿದ್ದವು. ಮಧ್ಯಾಹ್ನದೊಳಗೆ ತುರಿದು ಹಿಂಡದಿದ್ದರೆ ಒಲೆಗೇರಿಸುವುದು ಯಾವಾಗ? ಹೆಗಡೆ ಮೆಟ್ಟಿಲು ಎಡವಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ. ಚೌಡ ಬಂದ, ಕಾಯಿಗಳನ್ನು ನೋಡಿದ, ಕತ್ತಿ ಮುಟ್ಟಲಿಲ್ಲ.

"ಆಗೂದಿಲ್ಲ ಅಮ್ಮಾ."

"ಎಂತಾಯ್ತು ಚೌಡಣ್ಣ? ಇವರ ಕೈ ನೋಡಿ ನಿಂಗೂ ನೋವು ಬಂತಾ?"

"ಕೈ ನೆಟ್ಟಗೇ ಅದೆ. ಈ ವರ್ಷ ನಮ್ಮ ದೇವಿ ಚೌಡಿಗೆ ಹುಂಜ ಬಲಿ ಕೊಡೂಕೆ ಹೊರಟಾಗ ಮಗಳು ತನುಜಾ ಅಡ್ಡ ನಿಂತ್ಲು. ಅವಳೇ ಸಾಕಿದ್ದು. ಇನ್ನು ಈ ಕೈಯಲ್ಲಿ ಜೀವ ತೆಗೆಯೂದಿಲ್ಲ ಅಂತ ಅವಳಿಗೆ ಮಾತು ಕೊಟ್ಟೆ. ಚೌಡಿ ಮುಂದೆ ಕುಂಬಳಕಾಯಿ ಇಟ್ಟು, ತಾಯಿ, ಇದನ್ನೇ ಹುಂಜ ಅಂತ ತಿಳ್ಕ ಅಂದೆ. ಕಡೀಲಿಲ್ಲ, ಇಡೀ ಕಾಯೇ ಬಿಟ್ಟು ಬಂದೆ."

"ಅದು ಚೌಡಿ ಕಾಯಿ. ಇದು ಹಲ್ವದ ಕಾಯಿ."

"ಅಲ್ಲಿ ಹುಂಜ, ಇಲ್ಲಿ ಬರೀ ಕಾಯಿ ಅಂದ್ರೆ ಚೌಡಿ ಸುಮ್ನೆ ಬಿಡ್ತಾಳಾ? ಹಂಗಾರೆ ನಂಗೆ ಕೊಟ್ಟಿದ್ದು ಎಂತದೋ ಅಂತ ಕೇಳ್ತಾಳೆ. ಜೀವ ಅಂದ್ರೆ ನಾ ಕಡಿಯೂ ಹಂಗಿಲ್ಲ. ತರಕಾರಿ ಅಂದ್ರೆ ನೀವೇ ಕಡೀಬಹುದು."

ಮಾತು ಈ ದಾರಿ ಹಿಡಿದದ್ದೇ ತಡ, ಹೆಗಡೆಯ ಕೈನೋವು ಮಾಯವಾಯಿತು. ಬಹಳ ಹಿಂದೆ ಯಜ್ಞದಲ್ಲಿ ಮೇಕೆಯನ್ನೇ ಕೊಡುತ್ತಿದ್ದರು ಎಂದು ಶುರುಮಾಡಿದ. ಜೀವ ತೆಗೆದು ಎಂಥ ಪುಣ್ಯ ಎಂದು ಜೈನರು ಕೇಳಿದರು, ಬೌದ್ಧರು ಕೇಳಿದರು. ಕಾಡಿನಲ್ಲಿ ಕೂತು ಚಿಂತನೆ ಮಾಡುತ್ತಿದ್ದ ಋಷಿಗಳಿಗೂ ಒಳಗೊಳಗೇ ಅದೇ ಕಸಿವಿಸಿ. ಶಾಸ್ತ್ರ ಬಿಡುವಂತಿಲ್ಲ, ಕೊಲ್ಲಲು ಮನಸ್ಸಿಲ್ಲ. ಹಿಟ್ಟು ಕಲಸಿ ಮೇಕೆ ಮಾಡಿದರು. ಕಡೆಗೆ ಕುಂಬಳಕಾಯಿ ಬಂತು. ಊಟದ ಎಲೆಯಿಂದ ಮಾಂಸ ಹೋಯಿತು, ಕಾಯಿಯ ಹೊಟ್ಟೆಯಲ್ಲಿ ಮೇಕೆ ಮಾತ್ರ ಹಾಗೇ ಉಳಿಯಿತು.

"ಅದಕ್ಕೇ ಹೆಂಗಸ್ರು ಕಡಿಯಲಾಗ ಹೇಳಿ ಮಾಡಿದ್ದು" ಎಂದು ಮುಗಿಸಿದ.

"ಕಡಿಯಲಾಗ. ಬೇಯಿಸಲಕ್ಕು. ನಿಂಗ ತಿಂಬಲಕ್ಕು. ಚೊಲೋ ಆತು" ಎಂದಳು ಪರಿಮಳಾ.

ಅಂದಳು, ಆದರೆ ಆ ಮಾತು ತನಗೂ ತಾಗಿತು. ಹಿಂದಿನವರು ಮೇಕೆಯನ್ನು ಹಿಟ್ಟಿಗೆ ದಾಟಿಸಿದರು, ಹಿಟ್ಟನ್ನು ಕಾಯಿಗೆ ದಾಟಿಸಿದರು. ತಾನು ಕಾಯಿಯನ್ನು ಬೇಲಿಯಾಚೆಯವನ ಕೈಗೆ ದಾಟಿಸಿದ್ದಳು. ಇಷ್ಟು ವರ್ಷ ತನ್ನ ಕೈ ಹಗುರವಾಗಿದ್ದುದು ಆ ಭಾರ ಅವನು ಹೊತ್ತಿದ್ದರಿಂದ. ಈಗ ಬೇರೊಬ್ಬ ಗಂಡಸನ್ನು ಕರೆದರೂ ಮತ್ತೆ ದಾಟಿಸಿದಂತೆಯೇ. ಮಾಗೋಡಿಗೆ ಫೋನ್ ಮಾಡಿ ಪಾಯಸ ಮಾಡಿಕೊಳ್ಳಿ ಎಂದುಬಿಡಬಹುದಿತ್ತು. ಅಲ್ಲಿಗೆ ಹಲ್ವದ ಪರಿಮಳಾ ಎಂಬ ಹೆಸರೂ ಮುಗಿದಂತೆ.

ಸೆರಗು ಸಿಕ್ಕಿಸಿ ಕಾಯಿಯ ಮುಂದೆ ಕೂತಳು. ತುಳಸಿ ಕೊಯ್ಯುವ ಮುಂಚೆ ಮುಟ್ಟುವ ಹಾಗೆ ಅದನ್ನು ಮುಟ್ಟಿ, "ಬೇಜಾರು ಮಾಡ್ಕಳಡ" ಎಂದು ಕತ್ತಿ ಎತ್ತಿದಳು. ಹೆಗಡೆ ಕಣ್ಣು ಮುಚ್ಚಿಕೊಂಡ. ಏಟು ಸೊಟ್ಟ ಬಿದ್ದು ಕತ್ತಿ ಅರ್ಧದಲ್ಲೇ ಸಿಕ್ಕಿಕೊಂಡಿತು.

ಚೌಡ ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಎಳೀಬೇಡಿ. ಕಾಯಿ ಸಮೇತ ಎತ್ತಿ ನೆಲಕ್ಕೆ ಕುಟ್ಟಿ."

"ಕಡಿಯೂದಿಲ್ಲ ಅಂದವ ಹೇಳಿಕೊಡ್ತಾನೆ ನೋಡು."

"ಮಾತು ಕೊಟ್ಟಿದ್ದು ಕೈಯದ್ದು. ಬಾಯಿಯದ್ದಲ್ಲ."

ಎತ್ತಿ ಕುಟ್ಟಿದಳು. ಕಾಯಿ ಎರಡು ಹೋಳಾಯಿತು. ನೀರು, ಬೀಜ, ಬಿಳಿ ತಿರುಳು. ಮೇಕೆ ಎಲ್ಲೂ ಕಾಣಲಿಲ್ಲ. ಕೈ ಮಾತ್ರ ಮೊದಲಿನಷ್ಟು ಹಗುರ ಇರಲಿಲ್ಲ. ಇರಲಿ, ಇಷ್ಟು ಭಾರವಾದರೂ ಇರಬೇಕಾದ್ದೇ ಎಂದುಕೊಂಡು ಮುಂದಿನ ಕಾಯಿಯನ್ನು ಎಳೆದುಕೊಂಡಳು.

ಸಂಜೆ ಹಲ್ವ ತಳಬಿಟ್ಟು ಮನೆಯೆಲ್ಲ ಏಲಕ್ಕಿ ಘಮಘಮಿಸುವಾಗ ಚೌಡ ಬೇಲಿ ದಾಟಿ ಬಂದ. ಬಟ್ಟಲು ಕೈಗೆ ಬಂದ ಮೇಲೆ, "ಪಾಪ ನಿಮಗೆ, ಹಲ್ವ ನನಗೆ" ಎಂದ. ಇಷ್ಟು ವರ್ಷ ಕಾದಿಟ್ಟುಕೊಂಡಿದ್ದನೋ ಏನೋ, ಹೇಳುವಾಗ ಮುಖವೆಲ್ಲ ಬಾಯಾಗಿತ್ತು.

"ಹೇಳಿಕೊಟ್ಟ ಬಾಯಿಗೂ ಆ ಪಾಪದಲ್ಲಿ ಪಾಲು ಅದೆ" ಎಂದಳು ಪರಿಮಳಾ, ಇನ್ನೊಂದು ಸೌಟು ಬಡಿಸುತ್ತ. "ತಿನ್ನು. ತನುಜಾಗೂ ತಗಂಡು ಹೋಗು."