ವಿನ್ಸೆಂಟನ ಪ್ಯಾಂಟಿನ ಎಲಾಸ್ಟಿಕ್

ವಿನ್ಸೆಂಟ್ ಮಂಗಳೂರು ಕಡೆಯವನು, ಕೊಚ್ಚಿ ಹತ್ತಿರದ ಏಲೂರಿನ ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದವನು. ವೈಟ್ಟಿಲದ ಮನೆಯಿಂದ ದಿನವೂ ಬೈಕಿನಲ್ಲಿ ಬರುತ್ತಿದ್ದ. ಅವನ ಪ್ಯಾಂಟುಗಳ ಅಂಚಿಗೆಲ್ಲ ಹೆಂಡತಿ ಜಾಯ್ಸ್ ಎಲಾಸ್ಟಿಕ್ ಪಟ್ಟಿ ಹೊಲಿದಿದ್ದಳು. ಅದನ್ನು ಪಾದದಡಿಗೆ ಸಿಕ್ಕಿಸಿ ಶೂ ಹಾಕಿಕೊಂಡೇ ಅವನು ಹೊರಡುತ್ತಿದ್ದುದು.

"ಪ್ಯಾಂಟಿಗೂ ಲಗಾಮಾ ಮಾರಾಯ?" ಎಂದು ಒಮ್ಮೆ ಕೆಣಕಿದ್ದೆ.

"ಗಾಳಿಗೆ ಮೇಲೆ ಹೋಗ್ತದಲ್ಲ. ಸಿಗ್ನಲ್‌ನಲ್ಲಿ ನಿಂತರೆ ಊರಿಡೀ ನನ್ನ ಕಾಲೇ ನೋಡ್ತದೆ," ಎಂದಿದ್ದ.

ಕಾಲುಚೀಲದಿಂದ ಮೇಲೆ ಅವನಿಗೆ ತೊನ್ನು ಹಬ್ಬಿತ್ತು. ಬ್ಯಾಂಕಿನಲ್ಲಿ ಅದು ಗೊತ್ತಿದ್ದುದು ನನಗೊಬ್ಬನಿಗೆ. ಫೋರ್ಟ್ ಕೊಚ್ಚಿಯಲ್ಲಿ ನಾವೆಲ್ಲ ಕಡಲಿಗಿಳಿದರೆ ಅವನು ದಡದಲ್ಲಿ ಚಪ್ಪಲಿ ಕಾಯುತ್ತಿದ್ದ.

ಕಳೆದ ವಾರ ಹೃದಯಾಘಾತವಾಗಿ ಹೋದ. ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ನಾನೇ ಎಲಾಸ್ಟಿಕ್ ಸಿಕ್ಕಿಸಿ ಶೂ ಹಾಕಿದೆ. ಹೊರಗೆ ಬ್ಯಾಂಕಿನವರು ಕಾದಿದ್ದರು. ಅವರು ನೋಡಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಜಾಯ್ಸ್ ಬಾಗಿ ನೋಡಿದಳು. "ತೆಗೀರಿ ಅಣ್ಣ. ದಿನಾ ಸಂಜೆ ಪಾದದಲ್ಲಿ ಬರೆ ಬಿದ್ದಿರ್ತಿತ್ತು. ಇನ್ನಾದರೂ ಆರಾಮಾಗಿ ಮಲಗಲಿ."

ತೆಗೆದೆ. ಅವನನ್ನು ಪೆಟ್ಟಿಗೆಗೆ ಎತ್ತುವಾಗ ಪ್ಯಾಂಟ್ ಮೇಲೆ ಸರಿದು ಬಿಳಿ ಚರ್ಮ ಕಂಡಿತು. ಎಳೆದು ಮುಚ್ಚಲು ಕೈ ಚಾಚಿದೆ. ಜಾಯ್ಸ್ ಬೇಡವೆಂದು ತಲೆಯಾಡಿಸಿದಳು. ಕೈ ಹಿಂತೆಗೆದೆ. ಅವನು ಏನೆನ್ನುತ್ತಿದ್ದನೋ ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.