ಬಾವಿಯ ಕಾಗದ

ಅಳದಂಗಡಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಪಂಚಾಯತಿಗೆ ಹೊಸ ಕಟ್ಟಡವಾದಾಗ, ಅದರ ಗೋಡೆಗೆ ಊರಿನ ಹಳೆಯ ದಾಖಲೆಗಳನ್ನು ಹಾಕುವುದೆಂದು ತೀರ್ಮಾನವಾಯಿತು. ಸಂಗ್ರಹಿಸುವ ಕೆಲಸ ನನ್ನ ತಲೆಗೆ ಬಿತ್ತು. ನಿವೃತ್ತ ಟೀಚರಿಗೆ ಮನೆಯಲ್ಲೇನು ಕೆಲಸ ಎಂದುಕೊಂಡಿರಬೇಕು. ನಾನು ನಮ್ಮ ಮನೆಯ ಕಾಗದವನ್ನೇ ಮೊದಲು ಕೊಟ್ಟೆ.

ಅದು ನಮ್ಮ ಮಸೀದಿಯ ಬಾವಿಗೆ ಜೈನ ಅರಸುಮನೆಯವರು ಜಾಗ ಬಿಟ್ಟ ದಾನಪತ್ರ. ಮೇಲೆ ಜಿನೇಶ್ವರನಿಗೆ ವಂದನೆ. ನಡುವೆ ಗಡಿ: ಮೂಡಕ್ಕೆ ನೀರು ಹರಿಯುವ ತೋಡು, ಪಡುವಕ್ಕೆ ಹಲಸಿನ ಮರ. ಕೊನೆಗೆ, ಅಂಥ ಪತ್ರಗಳ ರೂಢಿಯಂತೆ, ಒಂದು ಶಾಪ. ಈ ದಾನ ಕೆಡಿಸಿದವರು ಜೈನರಾದರೆ ಬಸದಿ ಕೆಡವಿದ ಪಾಪ, ಹಿಂದುಗಳಾದರೆ ಹಸು ಕೊಂದ ಪಾಪ, ಮುಸಲ್ಮಾನರಾದರೆ ಮಸೀದಿ ಒಡೆದ ಪಾಪ. ಬರೆದವರು ಯಾರನ್ನೂ ಬಿಟ್ಟಿರಲಿಲ್ಲ. ಮಸೀದಿಯ ಕೆಲಸ ನೋಡಿಕೊಳ್ಳುತ್ತಿದ್ದ ನನ್ನ ಅಜ್ಜ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಕಾಪಾಡಿದ್ದರು.

ಉದ್ಘಾಟನೆಯ ಹಿಂದಿನ ದಿನ ಪಂಚಾಯತಿಯ ಅಧಿಕಾರಿ ನನ್ನನ್ನು ಕರೆಸಿದರು. ಮೇಜಿನ ಮೇಲೆ ನಮ್ಮ ಕಾಗದ, ಪಕ್ಕದಲ್ಲಿ ಗಮ್ಮಿನ ಬಾಟಲಿ.

"ಟೀಚರ್, ಇಬ್ಬರು ಫೋನ್ ಮಾಡಿದ್ದಾರೆ. ಒಬ್ಬರಿಗೆ ಜಿನನ ಹೆಸರು ಬೇಡ, ಇನ್ನೊಬ್ಬರಿಗೆ ಮಸೀದಿ ಬೇಡ. ಸರಕಾರಿ ಕಟ್ಟಡ ಅಲ್ವಾ? ಮೇಲೆ ಕೆಳಗೆ ಬಿಳಿ ಕಾಗದ ಅಂಟಿಸುವ. ನಡುವಿನದ್ದು ಸಾಕು."

ನನಗೆ ಮೈ ಉರಿಯಿತು. ನಡುವೆ ಉಳಿಯುವುದೇನು? ಒಂದು ತೋಡು, ಒಂದು ಹಲಸಿನ ಮರ!

"ಆಗ ಸ್ಟಾಂಪ್ ಪೇಪರ್ ಎಲ್ಲಿತ್ತು ಸರ್? ದೇವರ ಹೆಸರೇ ಸ್ಟಾಂಪು, ಶಾಪವೇ ಸಾಕ್ಷಿ. ಅವೆರಡನ್ನು ಮುಚ್ಚಿದರೆ ಇದು ದಾಖಲೆಯೇ ಅಲ್ಲ."

ಅವರು ಅಟೆಂಡರಿಗೆ ಕಣ್ಸನ್ನೆ ಮಾಡಿದರು. ಆತ ಬಾಟಲಿಯ ಮುಚ್ಚಳ ತೆಗೆದವನು ಕೆಳಗಿನ ಸಾಲುಗಳನ್ನು ತುಟಿಯಲ್ಲೇ ಓದಿಕೊಂಡ. ಹಸುವಿನ ತನಕ ಬಂದವನು ಬಾಟಲಿಯನ್ನು ಮೇಜಿನ ಮೇಲಿಟ್ಟ.

"ನನ್ನಿಂದಾಗುದಿಲ್ಲ ಮಾರಾಯ್ರೆ. ಮನೆಯಲ್ಲಿ ಸಣ್ಣ ಮಕ್ಕಳು ಉಂಟು."

ಅಧಿಕಾರಿಯೂ ಬಗ್ಗಿ ಓದಿದರು. ಅವರ ಕೈಯೂ ಮುಂದೆ ಬರಲಿಲ್ಲ. ಕೊನೆಗೆ ಬಾಟಲಿಯನ್ನು ನನ್ನತ್ತ ನೂಕಿದರು. "ನಿಮ್ಮದೇ ಕಾಗದ. ನೀವೇ ಅಂಟಿಸಿಬಿಡಿ."

ಶಾಪದ ಹೆದರಿಕೆ ನನಗಿರಲಿಲ್ಲ. ಆದರೂ ನಾನು ಮುಚ್ಚಳ ಬಿಗಿದು ಬಾಟಲಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

"ಅದು ಸರಕಾರಿ ಗಮ್ಮು, ಟೀಚರ್!"

"ಕೇಸು ಹಾಕಿ. ಕೋರ್ಟಿನಲ್ಲಿಯೂ ಇದನ್ನೇ ಹೇಳ್ತೇನೆ. ಕೊಟ್ಟವರ ದೇವರ ಮೇಲೆ ಬಿಳಿ ಕಾಗದ ಅಂಟಿಸಿ, ಅವರು ಕೊಟ್ಟ ನೀರು ಕುಡಿಯಲಿಕ್ಕೆ ನನ್ನಿಂದ ಆಗುದಿಲ್ಲ."