ಕಾಕುವಿನ ಆರತಿ ಪದ

ನಮ್ಮ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕುವಿನ ಎಡಗೈ ತೋರುಬೆರಳಿನಲ್ಲಿ ತಾಳದ ದಾರ ಕೊರೆದ ಕಪ್ಪು ಗೆರೆಯೊಂದಿತ್ತು. ರೊಟ್ಟಿ ಬಡಿಯುವಾಗ ಹಿಟ್ಟು ಅದರಲ್ಲಿ ಕೂತು ಬೆಳ್ಳಗಾಗುತ್ತಿತ್ತು. ನಾನು ನಿಂಬರ್ಗಾದಿಂದ ಆಳಂದಕ್ಕೆ ಸೊಸೆಯಾಗಿ ಬಂದಾಗ ಗೋಡೆಯಾಚೆಯ ಮನೆಯಲ್ಲಿ ಅವರು ಸಿಕ್ಕಿದ್ದು ನನ್ನ ಪುಣ್ಯ.

ಶ್ರಾವಣದ ಭಜನೆಯಲ್ಲಿ ಕೊನೆಯ ಆರತಿ ಪದ ಅವರದೇ. ಅವರ ತಾಯಿ ಬೀಸುಕಲ್ಲಿನ ಮುಂದೆ ಕೂತು ಕಟ್ಟಿದ್ದಂತೆ. ನಾವು ಪಲ್ಲವಿಗಷ್ಟೇ ದನಿಗೂಡಿಸುತ್ತಿದ್ದೆವು; ಅವಸರ ಮಾಡಿದರೆ ತಾಳ ನಿಲ್ಲಿಸಿ, "ಸಾವಕಾಶ ಹಾಡ್ರಿ, ದೇವರೇನು ಬಸ್ಸಿಗೆ ಹೊಂಟಾನೇನು?" ಅನ್ನುತ್ತಿದ್ದರು.

ಹಿಂದೊಮ್ಮೆ ಕ್ಯಾಸೆಟ್ ಕಂಪನಿಯೊಂದು ಅವರನ್ನು ಕಲಬುರಗಿಗೆ ಕರೆದೊಯ್ದು ಆ ಪದ ಹಾಡಿಸಿತ್ತು. ಕೊಟ್ಟ ಸೀರೆ ತೆಗೆದುಕೊಂಡು, ತೋರಿಸಿದಲ್ಲಿ ಸಹಿ ಮಾಡಿ ಬಂದಿದ್ದರು. ಮನೆಯಲ್ಲಿದ್ದ ಒಂದೇ ಕ್ಯಾಸೆಟ್ಟನ್ನೂ ಯಾರೋ ಕೇಳಿದರೆಂದು ಕೊಟ್ಟುಬಿಟ್ಟರು. "ಪದ ನನ್ನ ಬಾಯಾಗೇ ಅದ" ಎಂದರಂತೆ.

ಗಂಟಲಿನ ಗಡ್ಡೆ ತೆಗೆಸಿದ ಮೇಲೆ ದನಿ ಹೋಯಿತು. ಪಿಸುಮಾತು ಉಳಿಯಿತು, ಅದೂ ಶಿವನ ಕರುಣೆಯೇ. ಒಂದು ದಿನ ನನ್ನನ್ನು ಕರೆದು, "ಪದ ನಿನಗ ಕಲಿಸಬೇಕಬೇ. ಮಾತು ಹೇಳಿಕೊಟ್ಟೇನು, ರಾಗ ಹೆಂಗ ಹೇಳ್ಲಿ? ನಾ ಹೋದ್ರ ಅದೂ ಹೋಗ್ತದ. ಆ ಕ್ಯಾಸೆಟ್ಟಿಂದು ಎಲ್ಲ್ಯರೆ ಸಿಗ್ತದೇನು ನೋಡು. ಆದ್ರ ಕೊಂಡು ತಾ. ಕಳವಿಂದು ದೇವರ ಮುಂದ ಬ್ಯಾಡ" ಎಂದರು.

ಫೋನಿನಲ್ಲಿ ಹುಡುಕಿದೆ. ಹಾಡಿನ ಆ್ಯಪ್ ಒಂದರಲ್ಲಿತ್ತು, ಚಂದಾ ಕಟ್ಟಿದೆ. ಕೆಲವು ಸಂಜೆ ಇಬ್ಬರೂ ಕೂತು ಕೇಳಿದೆವು. ಅರ್ಧ ಪದ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಒಂದು ಸಂಜೆ ಹಾಡು ಒತ್ತಿದರೆ 'ಈಗ ಲಭ್ಯವಿಲ್ಲ' ಎಂದು ಬಂತು. ನಮ್ಮ ಯಜಮಾನರು ಆ್ಯಪಿನವರಿಗೆ ಫೋನ್ ಮಾಡಿದರು. ಹಾಡಿನ ಹಕ್ಕು ಬೇರೆಯವರ ಕೈಗೆ ಹೋಗಿದೆ, ಅವರು ಸದ್ಯ ಯಾರಿಗೂ ಕೊಡುತ್ತಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು.

"ಹಾಡಿದವರೇ ಕೇಳಾಕತ್ತಾರ್ರಿ."

"ಯಾರು ಕೇಳಿದರೂ ಅಷ್ಟೇ ಸರ್."

ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯ ಭಾಯಿಯನ್ನು ಕೇಳಿದೆ. "ಅದ ರೀ ಅಕ್ಕಾ. ಅಫಜಲಪುರ, ಜೇವರ್ಗಿ ಮಂದಿನೂ ಬಂದು ತುಂಬಿಸ್ಕೊಂಡು ಹೋಗ್ತಾರ. ಖರೇ ಹೇಳ್ತೇನಿ, ಕಳವಿಂದೇ. ಎಲ್ಲಿ ಮಾರ್ತಾರ ತೋರಿಸ್ರಿ, ನಾನೂ ಕೊಂಡೇ ಇಡ್ತೇನಿ" ಎಂದ.

ಪದ ತುಂಬಿಸಿದ ಮೆಮೊರಿ ಕಾರ್ಡು ತಂದು, ಅವನು ಹೇಳಿದ್ದನ್ನು ಹಾಗೆಯೇ ಕಾಕುವಿಗೆ ಹೇಳಿದೆ. ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡರು.

"ನಮ್ಮವ್ವನ ಪದ ನಾ ಕದೀಬೇಕಾತಲ್ಲಬೇ" ಎಂದರು. ಆಮೇಲೆ, "ಹಚ್ಚು. ಆದ್ರ ಕಲ್ತ ಮ್ಯಾಲ ಕೇಳಿದವರಿಗೆಲ್ಲ ಬಾಯಿಲೆ ಕಲಿಸು. ಇಲ್ಲಂದ್ರ ಅವರೂ ಆ ಅಂಗಡಿಗೇ ಹೋಗ್ತಾರ."

ಅವರ ಹರೆಯದ ದನಿ ಕೋಣೆಯಲ್ಲಿ ತುಂಬಿತು. ಕಣ್ಣು ಮುಚ್ಚಿ, ಗೆರೆಯ ಬೆರಳಿನಿಂದ ನನ್ನ ಮಣಿಕಟ್ಟಿನ ಮೇಲೆ ತಾಳ ಹಾಕಿದರು. ನಾನು ಅವಸರ ಮಾಡಿದಾಗ ಕೈ ಒತ್ತಿ ಹಿಡಿದು, "ಬಸ್ಸಿಗೆ ಹೊಂಟಾನೇನು?" ಎಂದು ಪಿಸುಗುಟ್ಟಿದರು.

ಪದ ಪೂರ್ತಿ ಬಂದ ಮೇಲೆಯೇ ಕಾಕು ಲಿಂಗೈಕ್ಯರಾದರು. ಅಷ್ಟು ದಿನ ಕೊಟ್ಟನಲ್ಲ ಶಿವ. ಅವರನ್ನು ಮಣ್ಣಿಗೆ ಇಳಿಸುವಾಗ ನಾನೇ ಹಾಡಿದೆ.

ಈ ಶ್ರಾವಣದಲ್ಲಿ ಕಡಗಂಚಿಯ ಹೆಣ್ಣುಮಗಳೊಬ್ಬಳು ಪದ ಕೇಳಿ, "ಅಕ್ಕಾ, ಮೊಬೈಲಿಗೆ ಕಳಸ್ರಿ" ಎಂದಳು. "ಬಾರಬೇ, ಕೂಡು" ಎಂದು ಅವಳ ಕೈ ತೆಗೆದುಕೊಂಡು ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಕಾಕುವಿನ ತಾಳ ಈಗ ನನ್ನ ಹತ್ತಿರವಿದೆ. ಬೆರಳಿಗೆ ಗೆರೆ ಮೂಡುವಷ್ಟು ನಾನಿನ್ನೂ ಬಾರಿಸಿಲ್ಲ.